ಬಾಲಣ್ಣನ ಮನೆಯ ರೋಲರ್ ನಿಲ್ಲದ್ದು ಯಾಕೆ

ಸುಮತಿಯಕ್ಕ ಸ್ಟಾರ್ಟ್ ಬಟನ್ ಒತ್ತಿರಲಿಲ್ಲ. ಒತ್ತಿದರು ಎಂದು ಊರಿಗೆ ಹೇಳಿದವನು ನಾನು. ಹೇಳಿದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು — ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದೆಮುಂದೆ ಎಲ್ಲ ವಿವರಿಸಿ ಕೊನೆಗೆ ಇದಕ್ಕೆ ಬರೋಣವೆಂದು ಹೊರಟರೆ ಆಗುವುದಿಲ್ಲ. ನನ್ನನ್ನು ನಾನು ಬಲ್ಲೆ. ಅರ್ಧದಾರಿಯಲ್ಲಿ ಎಲ್ಲಾದರೂ ಒಂದು ಸಮರ್ಥನೆ ಸಿಕ್ಕಿದರೆ ಅಲ್ಲೇ ಕೂತುಬಿಡುವ ಜಾತಿ ನನ್ನದು.

ನಾನು ದಿನೇಶ, ಪುತ್ತೂರಿನವನು. ಪೇಟೆಯಲ್ಲಿ ಇನ್ವರ್ಟರ್, ಪಂಪಿನ ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡವನು. ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡಿ ಮಾಡಿ, ಸ್ವಂತದ್ದು ಏನಾದರೂ ಒಂದು ಮಾಡಬೇಕು ಎಂಬ ಹುಚ್ಚು ಹತ್ತಿತ್ತು. ಕಲ್ಲುಗುಂಡಿಯಲ್ಲಿ ವೆಲ್ಡಿಂಗ್ ಶಾಪ್ ಇರುವ ರಝಾಕ್ ನನ್ನ ಹಳೆಯ ಗೆಳೆಯ, ಅವನಿಗೂ ಅದೇ ಹುಚ್ಚು. ಇಬ್ಬರೂ ಸೇರಿ ಬ್ಯಾಟರಿಯಲ್ಲಿ ತಿರುಗುವ ಒಂದು ರಬ್ಬರ್ ರೋಲರ್ ಮಾಡಿದೆವು. ಕಬ್ಬಿಣದ ಕೆಲಸ ಅವನದು, ಮೋಟರು ನಡೆಸುವ ಬೋರ್ಡು ನನ್ನದು.

ಕಡಬ, ಸುಳ್ಯದ ಕಡೆಯವರಿಗೆ ರೋಲರ್ ಎಂದರೆ ವಿವರಿಸಬೇಕಾಗಿಲ್ಲ. ಮರದಿಂದ ಇಳಿಸಿದ ರಬ್ಬರ್ ಹಾಲಿಗೆ ಆಸಿಡ್ ಹಾಕಿ ಡಿಶ್‌ನಲ್ಲಿ ಇಟ್ಟರೆ ಮರುದಿನಕ್ಕೆ ಗಟ್ಟಿಯಾಗುತ್ತದೆ. ಅದನ್ನು ಎರಡು ಉರುಳೆಗಳ ನಡುವೆ ಕೊಟ್ಟು ತಿರುಗಿಸಿದರೆ ನೀರು ಬಸಿದು ತೆಳ್ಳಗಿನ ಶೀಟ್ ಆಗಿ ಆಚೆ ಬರುತ್ತದೆ. ಎಲ್ಲರ ಮನೆಯಲ್ಲೂ ರೋಲರ್ ಇರುವುದಿಲ್ಲ. ಇರುವ ಮನೆಗೆ ಅಕ್ಕಪಕ್ಕದವರೂ ತಮ್ಮ ತಮ್ಮ ಡಿಶ್ ತಂದು ಒತ್ತಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ನಮ್ಮ ಮೊದಲ ಮೆಷಿನ್ ಹೋದದ್ದು ಇಚಿಲಂಪಾಡಿಯ ಬಾಲಣ್ಣನ ಮನೆಗೆ. ಅಲ್ಲಿಗೆ ಡಿಶ್ ಹೊತ್ತುಕೊಂಡು ಬರುತ್ತಿದ್ದವರಲ್ಲಿ ಸುಮತಿಯಕ್ಕ ಒಬ್ಬರು. ಅವರೂ ಅವರ ಗಂಡ ಲಿಂಗಪ್ಪಣ್ಣನೂ ಬೆಳಿಗ್ಗೆ ಒಟ್ಟಿಗೆ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ಇಳಿಸುವ ಕೆಲಸ, ಮಾಡುತ್ತಿದ್ದರು. ಶೀಟ್ ಒತ್ತುವುದು ಅಕ್ಕನ ಪಾಲಿನ ಕೆಲಸ.

ರಝಾಕ್ ಉರುಳೆಯ ಮುಂದೆ ಒಂದು ಅಡ್ಡಪಟ್ಟಿ ಹಾಕುತ್ತೇನೆಂದ. ಶೀಟ್ ಹೋಗಬೇಕು, ಬೆರಳು ಹೋಗಬಾರದು, ಅಷ್ಟು ಮಾತ್ರ ಸಂದು ಬಿಟ್ಟು. ನಾನೇ ಬೇಡವೆಂದೆ. ಪಟ್ಟಿ ಇದ್ದರೆ ಕೊಡುವುದು ನಿಧಾನ, ನೋಡಲಿಕ್ಕೂ ಚಂದವಿಲ್ಲ. "ಬೇಡ ಮಾರಾಯ, ಕೈ ಸಿಕ್ಕಿದ್ರೆ ನನ್ನ ಬೋರ್ಡೇ ನಿಲ್ಲಿಸ್ತದೆ" ಎಂದೆ. ಅಷ್ಟು ಅಹಂಕಾರ!

ಆ ಬೋರ್ಡು ಹೇಗೆ ನಿಲ್ಲಿಸುತ್ತದೆ ಎಂಬುದು ಗೊತ್ತಾಗದಿದ್ದರೆ ನಾನು ಮಾಡಿದ್ದೇನು ಎಂಬುದೂ ಗೊತ್ತಾಗುವುದಿಲ್ಲ. ಸ್ವಲ್ಪ ತಾಳ್ಮೆ ಇರಲಿ. ಮೋಟರಿಗೆ ನಾವು ಕರೆಂಟನ್ನು ಒಂದೇ ಸಮನೆ ಕೊಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಕೊಟ್ಟು, ತಡೆದು, ಕೊಟ್ಟು, ತಡೆದು — ಕೊಡುವ ಹೊತ್ತು ಹೆಚ್ಚಿದರೆ ವೇಗ, ಕಡಿಮೆಯಾದರೆ ನಿಧಾನ. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಬೋರ್ಡಿನ ಮೇಲಿರುವ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪಿನ ಕೆಲಸ ಅದು. ಅದೇ ಚಿಪ್ಪಿನ ಒಳಗೆ ಕಂಪ್ಯಾರೇಟರ್ ಅಂತ ಒಂದಿದೆ. ತಕ್ಕಡಿ ಎಂದೇ ತಿಳಿಯಿರಿ. ಒಂದು ತಟ್ಟೆಯಲ್ಲಿ ಮೋಟರು ಎಳೆಯುತ್ತಿರುವ ಕರೆಂಟು, ಇನ್ನೊಂದರಲ್ಲಿ ನಾನು ಇಟ್ಟ ಮಿತಿ. ಉರುಳೆಯ ನಡುವೆ ಏನಾದರೂ ಸಿಕ್ಕಿಕೊಂಡರೆ ಮೋಟರು ಒದ್ದಾಡುತ್ತದೆ, ಕರೆಂಟು ಏರುತ್ತದೆ, ತಕ್ಕಡಿ ವಾಲುತ್ತದೆ, ಆ ಕ್ಷಣವೇ ಪಿಡಬ್ಲ್ಯುಎಂ ಕಡಿದುಹೋಗುತ್ತದೆ. ನಾನು ಬರೆದ ಪ್ರೋಗ್ರಾಮಿನ ಅಪ್ಪಣೆಗೆ ಅದು ಕಾಯುವುದಿಲ್ಲ.

ಕಡಿದ ಮೇಲೆ ಏನು? ಅದನ್ನು ಹೇಳಬೇಕಾದವನು ನಾನು. ಎರಡು ದಾರಿ ಉಂಟು. ಒಮ್ಮೆ ಕಡಿದರೆ ಮನುಷ್ಯ ಬಂದು ಸ್ಟಾರ್ಟ್ ಬಟನ್ ಒತ್ತುವ ತನಕ ಕಡಿದೇ ಇರು — ಇದು ಒಂದು. ಕರೆಂಟು ಕೊಡುವ ಆ ಒಂದು ಸಲಕ್ಕೆ ಮಾತ್ರ ಕಡಿ, ಮುಂದಿನ ಸಲಕ್ಕೆ ಪುನಃ ಬಿಡು — ಇದು ಇನ್ನೊಂದು. ಮೊದಲನೆಯದರಲ್ಲಿ ರೋಲರ್ ನಿಂತುಬಿಡುತ್ತದೆ. ಎರಡನೆಯದರಲ್ಲಿ ನಿಲ್ಲುವುದಿಲ್ಲ, ಬಲ ಒಂದು ಮಿತಿಯಲ್ಲಿರುತ್ತದೆ ಅಷ್ಟೇ, ಎಳೆಯುತ್ತಲೇ ಇರುತ್ತದೆ. ಪ್ರೋಗ್ರಾಮಿನಲ್ಲಿ ಇವೆರಡರ ನಡುವೆ ಇರುವುದು ಒಂದೇ ಒಂದು ಸಾಲು.

ಮೆಷಿನ್ ಇಳಿಸಿದ ದಿನ ಮೊದಲನೆಯ ದಾರಿಯಲ್ಲೇ ಇಟ್ಟಿದ್ದೆ. ಬಾಲಣ್ಣನ ಅಂಗಳದಲ್ಲಿ ನೆರೆಕರೆಯವರೆಲ್ಲ ಸೇರಿದ್ದರು. ಒಂದು ತುಂಡು ಬಾಳೆದಿಂಡು ತರಿಸಿ, ಇದು ಕೈ ಅಂತ ತಿಳ್ಕೊಳ್ಳಿ ಎಂದು ಉರುಳೆಗೆ ಕೊಟ್ಟೆ. ತುದಿ ಕಚ್ಚಿತು, ನಿಂತಿತು. ಚಪ್ಪಾಳೆ! ಸುಮತಿಯಕ್ಕ ಆ ದಿಂಡನ್ನು ಎತ್ತಿ, ಕಚ್ಚಿದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿ, "ಹಾಗಾದ್ರೆ ನಂಗೆ ಹೆದರಿಕೆ ಇಲ್ಲ ಮಾರಾಯ್ರೆ, ನಮ್ಮ ಮನೆಯವ್ರಿಗಿಂತ ಇದೇ ಬೇಗ ಮಾತು ಕೇಳ್ತದೆ" ಎಂದರು. ಎಲ್ಲರೂ ನಕ್ಕರು. ಲಿಂಗಪ್ಪಣ್ಣನೂ ನಕ್ಕರು.

ಒಂದು ತಿಂಗಳಾಗುವಷ್ಟರಲ್ಲಿ ಬಾಲಣ್ಣನ ಫೋನ್. "ಇದೆಂತ ದಿನೇಶ, ಎರಡು ಶೀಟ್ ಹೋಗುವಾಗ ಒಮ್ಮೆ ನಿಲ್ತದೆ. ಇದ್ರ ಬಟನ್ ಒತ್ತಿ ಒತ್ತಿ ನಮ್ಗೆ ಸಾಕಾಯ್ತು. ಇದಕ್ಕಿಂತ ಕೈಯಲ್ಲಿ ತಿರುಗಿಸುದೇ ಆಗ್ಬಹುದಿತ್ತು." ಅವರ ದೂರು ಸುಳ್ಳಲ್ಲ. ಬೇರೆ ಬೇರೆ ಮನೆಯ ಹಾಲು, ಬೇರೆ ಬೇರೆ ಕೈ. ಕೆಲವರು ಆಸಿಡ್ ಜಾಸ್ತಿ ಹಾಕುತ್ತಾರೆ, ಕೆಲವರು ಎರಡು ದಿನ ಬಿಟ್ಟು ತರುತ್ತಾರೆ, ಅದು ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ದಪ್ಪ ಶೀಟು ಯಾವುದು, ಕೈ ಯಾವುದು ಎಂದು ಕಂಪ್ಯಾರೇಟರಿಗೆ ಎಲ್ಲಿಂದ ಗೊತ್ತಾಗಬೇಕು? ಸಾಲದ್ದಕ್ಕೆ ನನ್ನ ಬೋರ್ಡಿನಲ್ಲಿ ಸಿಗ್ನಲ್ ಶುದ್ಧವಿರಲಿಲ್ಲ. ಒಮ್ಮೊಮ್ಮೆ ಏನೂ ಸಿಗದಿದ್ದರೂ ಕಡಿದುಬಿಡುತ್ತಿತ್ತು. ಸರಿ ಮಾಡುವುದು ಹೇಗೆ ಎಂದು ನನಗೆ ಗೊತ್ತಿತ್ತು. ಬೋರ್ಡು ಬಿಚ್ಚಿ ಪುತ್ತೂರಿಗೆ ತಂದು ಫಿಲ್ಟರ್ ಹಾಕಬೇಕು, ಗೇರ್ ಬದಲಿಸಬೇಕು, ರಝಾಕ್ ಹೇಳಿದ ಅಡ್ಡಪಟ್ಟಿ ಕೂರಿಸಬೇಕು. ವಾರಗಟ್ಟಲೆ ಕೆಲಸ. ಆಲೆಟ್ಟಿಯವರೊಬ್ಬರು ಎರಡನೇ ಮೆಷಿನಿಗೆ ಹೇಳಿದ್ದರು, ಬಾಲಣ್ಣನ ಮಾತು ಕೇಳಿಯೇ ಮುಂದಿನ ತೀರ್ಮಾನ ಎಂದೂ ಹೇಳಿದ್ದರು. ಮೊದಲ ಮೆಷಿನ್ ವಾಪಸ್ ಹೋಯಿತು ಎಂಬ ಸುದ್ದಿ ನನಗೆ ಬೇಡವಾಗಿತ್ತು.

ಲ್ಯಾಪ್‌ಟಾಪ್ ಹಿಡಿದುಕೊಂಡು ಇಚಿಲಂಪಾಡಿಗೆ ಹೋದೆ. ಆ ಒಂದು ಸಾಲು ಬದಲಿಸಿದೆ. ಮಿತಿಯನ್ನೂ ಮೇಲೆ ಏರಿಸಿದೆ. ಎಂಥ ದಪ್ಪ ಶೀಟು ಕೊಟ್ಟರೂ ರೋಲರ್ ಗೊರಗೊರ ಎನ್ನುತ್ತಾ ನುಂಗಿತು. ಬಾಲಣ್ಣನ ಮುಖ ಅರಳಿತು. ಆಮೇಲೆ ಆ ಮನುಷ್ಯ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು — ಕೇಳಲಿಲ್ಲ ಎಂದು ನಾನು ಹೇಳುವಂತಿಲ್ಲ.

"ಕೈ ಸಿಕ್ಕಿದ್ರೆ ನಿಲ್ತದಲ್ಲ?"

"ಅದು ನಿಲ್ಲದೆ ಎಲ್ಲಿಗೆ ಹೋಗ್ತದೆ ಬಾಲಣ್ಣ" ಎಂದೆ.

ಒಂದು ತುಂಡು ಬಾಳೆದಿಂಡು ಕೊಟ್ಟು ನೋಡಬಹುದಿತ್ತು. ಬಾಳೆಗೆ ಆ ಮನೆಯಲ್ಲಿ ಬರವೇ? ಆದರೆ ಒಳಗಿನಿಂದ ಊಟಕ್ಕೆ ಕರೆದರು, ಮೀನು ಪದಾರ್ಥದ ಪರಿಮಳ ಬರುತ್ತಿತ್ತು, ನಾನು ಕೈ ತೊಳೆದು ಎಲೆಯ ಮುಂದೆ ಕೂತೆ. ಹೀಗೆ ಬರೆಯುವಾಗ ನನಗೇ ಅಸಹ್ಯವಾಗುತ್ತದೆ. ಹೊಟ್ಟೆ ತುಂಬ ಉಂಡೆ, ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಮರುದಿನ ಪುನಃ ಬಾಲಣ್ಣನ ಫೋನ್. ಬೆಳಿಗ್ಗೆ ಸುಮತಿಯಕ್ಕ ಒಬ್ಬರೇ ರೋಲರ್ ಇಟ್ಟಿದ್ದ ಶೆಡ್ಡಿನಲ್ಲಿ ಶೀಟ್ ಒತ್ತುತ್ತಿದ್ದರಂತೆ. ಜಾರುವ ಶೀಟನ್ನು ಒಳಗೆ ದೂಡುವಾಗ ಬಲಗೈ ಬೆರಳ ತುದಿ ಸಿಕ್ಕಿದೆ. ಬೊಬ್ಬೆ ಕೇಳಿ ಬಾಲಣ್ಣ ದನದ ಹಟ್ಟಿಯಿಂದ ಓಡಿ ಬಂದು ಬ್ಯಾಟರಿಯ ವಯರನ್ನೇ ಕಿತ್ತು ತೆಗೆದಿದ್ದಾರೆ. ಅಷ್ಟರಲ್ಲಿ ಹೆಬ್ಬೆರಳು ಬಿಟ್ಟು ಉಳಿದದ್ದೆಲ್ಲ — ಬೇಡ, ಇದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ. ಪುತ್ತೂರಿನ ಆಸ್ಪತ್ರೆಯವರು ಮಂಗಳೂರಿಗೆ ಕಳಿಸಿದರು. ಮಂಗಳೂರಿನವರಿಂದಲೂ ಬೆರಳು ಉಳಿಸಲಾಗಲಿಲ್ಲ.

ಉರುಳೆಯ ನಡುವೆ ಆ ಕೈ ಇದ್ದ ಹೊತ್ತಿನಲ್ಲಿ ಕಂಪ್ಯಾರೇಟರ್ ಸುಮ್ಮನಿರಲಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಅದು ಕಡಿಯುತ್ತಿತ್ತು. ಸಾವಿರಾರು ಸಲ, ನಾನು ಬರೆದ ಆ ಸಾಲು, ಆಯ್ತು ಪುನಃ ಬಿಡು ಎನ್ನುತ್ತಿತ್ತು. ಇದನ್ನು ಯೋಚಿಸದೆ ನಾನು ಮಲಗಿದ ದಿನವಿಲ್ಲ.

ಆಸ್ಪತ್ರೆಗೆ ನಾನು ಮೊದಲು ಹೋಗಲಿಲ್ಲ. ಮೊದಲು ಹೋದದ್ದು ಇಚಿಲಂಪಾಡಿಗೆ. ಬಾಲಣ್ಣ ಮಂಗಳೂರಿನಲ್ಲಿದ್ದರು, ಶೆಡ್ಡಿನ ಬಾಗಿಲು ತೆರೆದೇ ಇತ್ತು. ಕಿತ್ತ ವಯರನ್ನು ಜೋಡಿಸಿದೆ. ಬೋರ್ಡಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಹಳೆಯ ಸಾಲನ್ನು ವಾಪಸ್ ಹಾಕಿದೆ. ಮಿತಿಯನ್ನೂ ಕೆಳಗಿಳಿಸಿದೆ. ಒಂದು ಅಕ್ಷರವೂ ತಪ್ಪಲಿಲ್ಲ ನೋಡಿ. ಹೆದರಿ ಮಾಡಿದೆ ಎಂದರೂ, ಏನು ಮಾಡುತ್ತಿದ್ದೇನೆ ಎಂಬುದು ಪೂರ್ತಿ ಗೊತ್ತಿತ್ತು.

ಎರಡು ದಿನ ಕಳೆದು ಊರವರು ಬಾಲಣ್ಣನ ಅಂಗಳದಲ್ಲಿ ಸೇರಿದರು. ನನ್ನನ್ನೂ ರಝಾಕನನ್ನೂ ಕರೆಸಿದರು. ಲಿಂಗಪ್ಪಣ್ಣ ಆಸ್ಪತ್ರೆಯಿಂದ ನೇರ ಬಂದಿದ್ದರು, ಕಣ್ಣು ಕೆಂಪಾಗಿತ್ತು. "ನಿಲ್ಲಲೇ ಇಲ್ಲ, ಎಳೀತಾನೇ ಇತ್ತು ಅಂತ ಹೇಳ್ತಾಳೆ ಅವಳು" ಎಂದರು. ರಝಾಕ್ ನನ್ನ ಮುಖ ನೋಡಿ, "ನಿನ್ನ ಬೋರ್ಡು ನಿಲ್ಲಿಸ್ಬೇಕಿತ್ತಲ್ಲ ದಿನೇಶ?" ಎಂದ. ಒಂದು ತುಂಡು ಬಾಳೆದಿಂಡು ತನ್ನಿ ಎಂದೆ. ಕೊಟ್ಟೆ. ಕಚ್ಚಿತು, ನಿಂತಿತು. ಇನ್ನೊಮ್ಮೆ ಕೊಟ್ಟೆ. ನಿಂತಿತು. ಲಿಂಗಪ್ಪಣ್ಣ ತಾವೇ ಕೊಟ್ಟು ನೋಡಿದರು. ಅವರ ಕೈಗೂ ನಿಂತಿತು.

ಆಗ ನನ್ನ ಬಾಯಿಯಿಂದ ಆ ಮಾತು ಬಂತು. "ಮೆಷಿನ್ ನಿಂತಿತ್ತು. ಗಾಬರಿಯಲ್ಲಿ ಅವರೇ ಎಡಗೈಯಲ್ಲಿ ಪುನಃ ಪುನಃ ಸ್ಟಾರ್ಟ್ ಒತ್ತಿರ್ಬೇಕು."

ನಾನು ಬಂದು ಮೆಷಿನ್ ಬದಲಿಸಿದ್ದನ್ನು ಕಂಡಿದ್ದ ಬಾಲಣ್ಣ ಏನೋ ಹೇಳಲು ಹೊರಟರು, ನಿಂತ ಉರುಳೆಯನ್ನು ನೋಡಿ ಬಿಟ್ಟರು. ಅವರ ಎದುರೇ ದಿಂಡಿಗೆ ನಿಂತ ಮೇಲೆ ಅವರಾದರೂ ಎಂತ ಹೇಳುವುದು? ಯಾರೋ "ಪಾಪ, ಹೆಂಗಸು, ನೋವಲ್ಲಿ ಎಂತ ಗೊತ್ತಾಗ್ತದೆ" ಎಂದರು. ಲಿಂಗಪ್ಪಣ್ಣ ಹಣೆಗೆ ಕೈಯಿಟ್ಟು ಅಲ್ಲೇ ಜಗಲಿಯಲ್ಲಿ ಕೂತರು. ಅಷ್ಟೇ, ಮುಗಿಯಿತು. ಇಡೀ ಊರು ಕಣ್ಣಾರೆ ಕಂಡ ಮೇಲೆ ಆಸ್ಪತ್ರೆಯಲ್ಲಿ ಮಲಗಿದವಳ ಮಾತಿಗೆ ಯಾವ ಬೆಲೆ?

ಆ ಸುಳ್ಳು ಎಷ್ಟು ಹದವಾಗಿ ಕೂತಿತೆಂದರೆ — ಥೂ, ಹದವಂತೆ! ಅಕ್ಕನಿಗೇ ಅನುಮಾನ ಬರುವಷ್ಟು. ಅವರು ಎಡಗೈಯಲ್ಲಿ ಏನನ್ನೋ ಒತ್ತಿದ್ದು ನಿಜ. ನಿಲ್ಲಿಸುವ ಸ್ವಿಚ್ಚಿಗಾಗಿ ತಡಕಾಡಿದ್ದರು. ಒತ್ತಿದ ನೆನಪಿತ್ತು, ಯಾವುದನ್ನು ಎಂಬ ನೆನಪಿರಲಿಲ್ಲ. ಗಂಡ ಹೇಳಿ, ನೆರೆಯವರು ಹೇಳಿ, ಕೊನೆಗೆ ಅವರೂ ಒಪ್ಪಿಕೊಂಡರು.

ರಝಾಕ್ ಆಮೇಲೆ ರೋಲರಿನ ಸುದ್ದಿಗೇ ಹೋಗಲಿಲ್ಲ, ಗೇಟು ಗ್ರಿಲ್ಲು ಮಾಡಿಕೊಂಡು ಉಳಿದ. ಆಲೆಟ್ಟಿಯ ಮೆಷಿನ್ ಅರ್ಧಕ್ಕೇ ನಿಂತಿತು. ಬಾಲಣ್ಣ ಹಳೆಯ ಕೈರೋಲರನ್ನೇ ಪುನಃ ಹೊರಗೆ ತೆಗೆದರು. ಸುಮತಿಯಕ್ಕನಿಗೆ ಮತ್ತೆ ಟ್ಯಾಪಿಂಗ್ ಕತ್ತಿ ಹಿಡಿಯಲಾಗಲಿಲ್ಲ.

ಕೆಲವು ವರ್ಷಗಳ ನಂತರ ಪುತ್ತೂರಿನ ಸಂತೆಯಲ್ಲಿ ಗಂಡಹೆಂಡತಿ ಇಬ್ಬರೂ ಎದುರಾದರು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಅಕ್ಕ ನಕ್ಕರು. ಆಮೇಲೆ ಹೇಳಿದರು, "ನನ್ನಿಂದಾಗಿ ನಿಮ್ಮ ಮೆಷಿನಿಗೆ ಕೆಟ್ಟ ಹೆಸ್ರು ಬಂತು ಅಲ್ವಾ ದಿನೇಶಣ್ಣ. ಬೇಜಾರ್ ಮಾಡ್ಬೇಡಿ. ಆ ಹೊತ್ತಿಗೆ ನಂಗೆ ತಲೆಯೇ ಇರ್ಲಿಲ್ಲ."

ನನ್ನ ಹತ್ತಿರ ಕ್ಷಮೆ ಕೇಳಿದರು. ನನ್ನ ಹತ್ತಿರ!

ಲಿಂಗಪ್ಪಣ್ಣ ಪಕ್ಕದಲ್ಲೇ ತರಕಾರಿ ಚೀಲ ಹಿಡಿದು ನಿಂತಿದ್ದರು. "ಅವಳ ಕೈ ಅವಳ ಮಾತು ಕೇಳುದಿಲ್ಲ" ಎಂದು ತಮಾಷೆ ಮಾಡಿದರು. ಅಷ್ಟರಲ್ಲಿ ಅಕ್ಕನ ಎಡಗೈಯಿಂದ ಚಿಲ್ಲರೆ ಜಾರಿ ಬಿತ್ತು. "ಒತ್ತಿದಿಯಾ ಪುನಃ?" ಎಂದರು ಅವರು. ಮನೆಯಲ್ಲಿ ಅದು ದಿನನಿತ್ಯದ ಮಾತಾಗಿತ್ತು ಎಂದು ಅಕ್ಕ ಅದನ್ನು ಕೇಳಿಸಿಕೊಂಡ ರೀತಿಯಲ್ಲೇ ಗೊತ್ತಾಯಿತು. ಹಾಲು ಉಕ್ಕಿದರೆ, ಕೊಡ ಜಾರಿದರೆ — ಒತ್ತಿದಿಯಾ ಪುನಃ. ಲಿಂಗಪ್ಪಣ್ಣ ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಹೆಂಡತಿಯ ತಲೆ ಬಾಚಿದ ಗಂಡಸು ಅವರು. ಕಣ್ಣಾರೆ ಕಂಡದ್ದನ್ನು ನಂಬಿದ್ದರು, ಅಷ್ಟೇ. ನಾನು ತೋರಿಸಿದ್ದನ್ನು.

ಆಗ ಹೇಳಬಹುದಿತ್ತು. ಮೂವರೂ ಒಂದೇ ಕಡೆ ನಿಂತಿದ್ದೆವು. ನಾನು ಬಗ್ಗಿ ಚಿಲ್ಲರೆ ಹೆಕ್ಕಿಕೊಟ್ಟೆ, ಅಂಗಡಿಯಲ್ಲಿ ಯಾರೋ ಕಾಯ್ತಿದ್ದಾರೆ ಎಂದು ಹೊರಟುಬಂದೆ.

ಕಳೆದ ವರ್ಷ ಲಿಂಗಪ್ಪಣ್ಣ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ಕೇಳಿದಾಗ ನನಗೆ ಮೊದಲು ಅನಿಸಿದ್ದು ದುಃಖವಲ್ಲ. ಕೇಳುವವರು ಒಬ್ಬರು ಕಡಿಮೆಯಾದರಲ್ಲ ಎಂಬ ಒಂದು ಸಮಾಧಾನ ಒಂದು ಗಳಿಗೆ ಬಂದು ಹೋಯಿತು. ಆ ಗಳಿಗೆಯಲ್ಲಿ ನನಗೆ ನನ್ನ ಮೇಲೆಯೇ ಹೆದರಿಕೆಯಾಯಿತು. ಇನ್ನೂ ಸುಮ್ಮನಿದ್ದರೆ ಅಕ್ಕ ಸಾಯುವುದನ್ನೂ ಹೀಗೇ ಕಾಯುತ್ತೇನೆ ಎಂದು ಗೊತ್ತಾಯಿತು.

ಈ ವರ್ಷ ಮಳೆಗಾಲದ ಆಟಿ ತಿಂಗಳು ಬರುವ ಮೊದಲು ಅವರ ಮನೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟರು. ಎಲ್ಲವನ್ನೂ ಹೇಳಿದೆ. ಆ ಸಾಲು, ಬಾಲಣ್ಣನ ಪ್ರಶ್ನೆ, ನಾನು ಉಂಡ ಊಟ, ಶೆಡ್ಡಿಗೆ ಕಳ್ಳನ ಹಾಗೆ ಹೋದದ್ದು, ಬಾಳೆದಿಂಡು. ಬೈಯುತ್ತಾರೆ, ಅಂಗಳಕ್ಕಿಳಿ ಎನ್ನುತ್ತಾರೆ ಎಂದು ಕಾದೆ.

"ನಾನು ಹೇಳಿದ್ದೆ ಅಲ್ವಾ?" ಎಂದರು. "ನಿಲ್ಲಲೇ ಇಲ್ಲ, ಎಳೀತಾ ಇತ್ತು ಅಂತ. ಮೊದ್ಲ ದಿನವೇ ಹೇಳಿದ್ದೆ ಅಲ್ವಾ?"

"ಹೇಳಿದ್ರಿ ಅಕ್ಕ."

"ನಾನು ಒತ್ತಿದ್ದಲ್ಲ."

"ಅಲ್ಲ."

ಅವರ ಕಣ್ಣಲ್ಲಿ ಒಮ್ಮೆ ಏನೋ ಬೆಳಕು ಬಂದ ಹಾಗಾಯಿತು. ಗೋಡೆಯಲ್ಲಿದ್ದ ಗಂಡನ ಫೋಟೋದ ಕಡೆಗೆ ತಿರುಗಿದರು. ಆಮೇಲೆ ಆ ಬೆಳಕು ಹೋಯಿತು. "ಊರಿಗೆ ಹೇಳುದು ಬೇಡಿತ್ತು ದಿನೇಶಣ್ಣ" ಎಂದರು. "ಪೋಲೀಸರಿಗೂ ಬೇಡಿತ್ತು. ನಮ್ಮ ಮನೆಯವ್ರತ್ರ ಒಂದು ಮಾತು ಹೇಳಿದ್ರೆ ಸಾಕಿತ್ತು. ಈಗ ನಂಗೆ ಹೇಳಿ ಎಂತ ಮಾಡುದು? ನಂಗೆ ಮೊದ್ಲ ದಿನವೇ ಗೊತ್ತಿತ್ತಲ್ಲ."

ನಾನು ಏಳುವಾಗ ಅವರೇ ಹೇಳಿದರು, "ಆಟಿಯಲ್ಲಿ ಅವ್ರಿಗೆ ಬಡಿಸುದು ಉಂಟು. ಆ ದಿನ ಬನ್ನಿ. ಬಂದು ಅವ್ರತ್ರ ಹೇಳಿ."

ಊರಿನ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಎಲೆಯ ಎದುರು ನಿಂತು, ಬದುಕಿರುವವರ ಹತ್ತಿರ ಆಡಿದ ಹಾಗೆಯೇ ನಾಲ್ಕು ಮಾತಾಡುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು, ಅವರು ಉಣ್ಣಲಿ ಎಂದು ಬಾಗಿಲು ಎಳೆದುಕೊಳ್ಳುತ್ತಾರೆ. ಇದರಲ್ಲಿ ನನಗೆ ನಂಬಿಕೆ ಉಂಟೋ ಇಲ್ಲವೋ ಎಂದು ಯೋಚಿಸುವ ಅಧಿಕಾರ ನನಗಿರಲಿಲ್ಲ. ಹೋಗುವ ಮೊದಲು ರಝಾಕನಿಗೆ ಫೋನ್ ಮಾಡಿ ಅವನಿಗೂ ಹೇಳಿದೆ. "ಪಟ್ಟಿ ಹಾಕ್ತೇನೆ ಅಂತ ಹೇಳಿದ್ದೆ ನಾನು" ಎಂದು ಫೋನ್ ಇಟ್ಟ. ಆಮೇಲೆ ಎತ್ತಿಲ್ಲ. ಬಾಲಣ್ಣನಿಗೆ ಎದುರಿಗೇ ಹೋಗಿ ಹೇಳಿದೆ. ಅವರು ಒಳಗೆ ಹೋದರು.

ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮನೆ ತಲುಪಿದೆ. ಲಿಂಗಪ್ಪಣ್ಣನ ತಮ್ಮ, ಅವರ ಹೆಂಡತಿ, ಇನ್ನೂ ಕೆಲವು ಹತ್ತಿರದವರು ಇದ್ದರು. ಎಲೆಯಲ್ಲಿ ಕಡುಬು, ಕೋಳಿ ಪದಾರ್ಥ. ಲಿಂಗಪ್ಪಣ್ಣನ ತಮ್ಮ ಎಲೆಗೆ ಕೈಮುಗಿದು, ಅಣ್ಣಾ ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ಸುಧಾರಿಸ್ಕೋ ಎಂದರು. ಅಕ್ಕ ನನ್ನ ಕಡೆ ನೋಡಿದರು.

"ಲಿಂಗಪ್ಪಣ್ಣ" ಎಂದೆ. "ಅಕ್ಕ ಒತ್ತಿದ್ದಲ್ಲ. ರೋಲರ್ ನಿಲ್ಲದ ಹಾಗೆ ಮಾಡಿದ್ದು ನಾನು. ಅವರೇ ಒತ್ತಿದ್ರು ಅಂತ ಸುಳ್ಳು ಹೇಳಿದ್ದೂ ನಾನು."

ಅವರ ತಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಸತ್ತವರು ಉಣ್ಣುವ ಹೊತ್ತಿನಲ್ಲಿ ಜಗಳ ಮಾಡುವ ಹಾಗಿಲ್ಲ. ಎಲ್ಲರೂ ಹೊರಗೆ ಬಂದೆವು, ಬಾಗಿಲು ಎಳೆದುಕೊಂಡರು. ಉಳಿದವರು ಅಂಗಳದ ಕಡೆಗೆ ಸರಿದರು. ಅಕ್ಕ ಬಾಗಿಲಿನ ಹತ್ತಿರವೇ ನಿಂತು, ಒಳಗೆ ಸ್ವಲ್ಪ ಕಿವಿ ಮಂದವಾದ ಗಂಡ ಕೂತಿದ್ದಾರೋ ಎಂಬಂತೆ, ಸಾವಕಾಶ ಕೇಳಿದರು.

"ಕೇಳಿತಾ ನಿಮ್ಗೆ?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ. "ಕೇಳಿತಾ? ನಾನಲ್ಲವಂತೆ."

ನಾನು ಅವರ ಹಿಂದೆಯೇ ನಿಂತಿದ್ದೆ. ಬಾಗಿಲಿನಾಚೆಯಿಂದ ಉತ್ತರ ಎಲ್ಲಿಂದ ಬರಬೇಕು? ಬರಬಹುದಾಗಿದ್ದ ವರ್ಷಗಳಲ್ಲೆಲ್ಲ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.